ಮೃದ್ವಸ್ಥಿ ಎಂಬ ಪದವೂ ಒಬ್ಬ ಜಪಾನೀ ವೈದ್ಯನೂ

ಟೋಕಿಯೊದ ಮಿನಾಮಿ ಸೆಂಜು ನಿಲ್ದಾಣದ ಪಕ್ಕದಲ್ಲಿ ಎಕೋಇನ್ ಎಂಬ ಬೌದ್ಧ ಮಂದಿರವಿದೆ. ಹಳೆಯದೊಂದು ಪುಸ್ತಕದ ಮುಖಪುಟದ ಚಿತ್ರವನ್ನು ಅಲ್ಲಿ ಲೋಹದಲ್ಲಿ ಎರಕಹೊಯ್ದು ಗೋಡೆಗೆ ಕೂರಿಸಿದ್ದಾರೆ. ಈ ಊರಿಗೆ ಬಂದ ಮೇಲೆ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗ ಅದು.

1771ರಲ್ಲಿ ಇಲ್ಲಿನ ಕೊಜುಕಪ್ಪರ ವಧಾಸ್ಥಾನದಲ್ಲಿ ಮರಣದಂಡನೆಗೆ ಗುರಿಯಾದ ಹೆಂಗಸೊಬ್ಬಳ ಶವಚ್ಛೇದನ ನಡೆಯಿತು. ಅದನ್ನು ನೋಡಲು ವೈದ್ಯ ಸುಗಿತ ಗೆನ್‌ಪಕು ಗೆಳೆಯರೊಡನೆ ಬಂದಿದ್ದರು. ಅವರ ಕೈಯಲ್ಲಿದ್ದ ಡಚ್ ಪುಸ್ತಕದ ಚಿತ್ರಗಳಿಗೂ ಕಣ್ಣೆದುರಿನ ದೇಹಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅದನ್ನು ಅನುವಾದಿಸಲೇಬೇಕೆಂದು ಹಿಂದಿರುಗುವ ದಾರಿಯಲ್ಲೇ ಮಾತಾಯಿತು. ಮರುದಿನವೇ, ಗೆಳೆಯರಲ್ಲಿ ಅಷ್ಟಿಷ್ಟು ಡಚ್ ಬಲ್ಲವರಾಗಿದ್ದ ವೈದ್ಯ ಮಯೆನೊ ರ್ಯೋತಕು ಅವರ ಮನೆಯಲ್ಲಿ ಕೆಲಸಕ್ಕೆ ಕುಳಿತರು. ಗೆನ್‌ಪಕು ಅವರಿಗೆ ಆಗ ಡಚ್ ಅಕ್ಷರಮಾಲೆಯೂ ಬರುತ್ತಿರಲಿಲ್ಲ. ಹುಬ್ಬನ್ನು ವಿವರಿಸುವ ಒಂದು ಸಾಲನ್ನು ಬಿಡಿಸಲು ವಸಂತದ ಒಂದು ದೀರ್ಘ ಹಗಲೇ ಹೋಯಿತಂತೆ. ಅರ್ಥವಾಗದ ಪದಕ್ಕೆ ವೃತ್ತದೊಳಗೆ ಕೂಡುಚಿಹ್ನೆಯ ಗುರುತು ಹಾಕಿ ಮುಂದೆ ಸಾಗುತ್ತಿದ್ದರು. ಹನ್ನೊಂದು ಬಾರಿ ತಿದ್ದಿ ಬರೆದು, 1774ರಲ್ಲಿ ‘ಕೈತೈ ಶಿನ್ಶೊ’ ಎಂಬ ಅಂಗರಚನಾಶಾಸ್ತ್ರದ ಪುಸ್ತಕವಾಗಿ ಪ್ರಕಟಿಸಿದರು. ಎಕೋಇನ್ ಗೋಡೆಯಲ್ಲಿರುವುದು ಇದರದೇ ಮುಖಪುಟ.

ನನ್ನನ್ನು ಹಿಡಿದು ನಿಲ್ಲಿಸುವುದು ಅವರು ಪದ ಕಟ್ಟಿದ ಬಗೆ. ಡಚ್ಚಿನಲ್ಲಿ ‘ಕ್ರಾಕ್‌ಬೇನ್’ ಎಂಬ ಪದವಿದೆ. ‘ಕ್ರಾಕ್’ ಎಂದರೆ ಇಲಿ ಪಾತ್ರೆ ಕಡಿಯುವ ಸದ್ದಿನಂತೆ, ‘ಬೇನ್’ ಎಂದರೆ ಮೂಳೆ ಎಂದು ವಿವರಿಸಿ, ಅದಕ್ಕೆ ‘ನನ್‌ಕೊತ್ಸು’ ಎಂದು ಹೆಸರಿಟ್ಟರು. ಮೆತ್ತನೆಯ ಮೂಳೆ ಎಂದರ್ಥ. ನರಕ್ಕೆ ಅವರು ಕೊಟ್ಟ ‘ಶಿನ್‌ಕೇ’ ಇಂದಿಗೂ ಬಳಕೆಯಲ್ಲಿದೆ.

ನನ್‌ಕೊತ್ಸುವಿಗೆ ಕನ್ನಡದಲ್ಲಿ ಏನೆನ್ನುತ್ತೇವೆ? ಮೃದ್ವಸ್ಥಿ. ಮೃದು ಮತ್ತು ಅಸ್ಥಿ. ಅದೇ ಕಟ್ಟು, ಅದೇ ಅರ್ಥ! ಆದರೆ ಇಲ್ಲಿ ಆ ಪದ ಕೋಳಿ ಸುಡುವ ಅಂಗಡಿಯ ತಿಂಡಿಪಟ್ಟಿಯಲ್ಲಿದೆ, ನನ್ನ ಪಕ್ಕದ ಮನೆಯ ಅಜ್ಜಿಯ ಬಾಯಲ್ಲಿದೆ, ವೈದ್ಯರ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲೂ ಇದೆ. ನಮ್ಮ ಪದ ಶಾಲೆಯ ಜೀವಶಾಸ್ತ್ರದ ಪಾಠ ಮುಗಿದ ದಿನವೇ ಮುಗಿದುಹೋಗುತ್ತದೆ.

ಸಂಸ್ಕೃತದ ಪದಗಳು ಕಠಿಣ, ಅದಕ್ಕೇ ಜನ ಬಳಸುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೆನ್‌ಪಕು ಬರೆದದ್ದೂ ಆಡುಮಾತಿನಲ್ಲಲ್ಲ, ಪಂಡಿತರ ಚೀನೀ ಶೈಲಿಯಲ್ಲಿ. ನನ್‌ಕೊತ್ಸು ಕೂಡ ಒಂದು ಕಾಲಕ್ಕೆ ವಿದ್ವಾಂಸರ ಪದವೇ ಆಗಿತ್ತು. ವೈದ್ಯರು ಅದರಲ್ಲೇ ಕಲಿತರು, ಕಲಿಸಿದರು, ರೋಗಿಗೂ ಅದನ್ನೇ ಹೇಳಿದರು, ಪದ ಪಳಗಿತು. ಹದಿನಾಲ್ಕನೆಯ ಶತಮಾನದಲ್ಲೇ ಮಂಗರಾಜ ವಿಷವೈದ್ಯವನ್ನು ಕನ್ನಡ ಪದ್ಯದಲ್ಲಿ ಬರೆದಿದ್ದಾನೆ. ನಮ್ಮ ನುಡಿಗೆ ಶಕ್ತಿಯಿಲ್ಲ ಎಂಬ ಮಾತನ್ನು ನಾನು ಹೇಗೆ ನಂಬಲಿ?

ಗೆನ್‌ಪಕು ಶಿಷ್ಯರನ್ನೂ ಬೆಳೆಸಿದರು. ಅವರಲ್ಲಿ ಒಬ್ಬರಾದ ಓತ್ಸುಕಿ ಗೆನ್‌ತಕು ಆ ಅನುವಾದವನ್ನು ಪರಿಷ್ಕರಿಸಿದರು. ಎಂಬತ್ತು ದಾಟಿದ ಮೇಲೆ, 1815ರಲ್ಲಿ, ಡಚ್ ವಿದ್ಯೆ ಜಪಾನಿನಲ್ಲಿ ಬೇರೂರಿದ ಇತಿಹಾಸವನ್ನು ಗೆನ್‌ಪಕು ಬರೆದಿಟ್ಟರು. ‘ಕೈತೈ ಶಿನ್ಶೊ’ದ ಅನುವಾದಕರ ಸಾಲಿನಲ್ಲಿ ರ್ಯೋತಕು ಅವರ ಹೆಸರಿಲ್ಲ. ಆದರೆ ಅವರಿಲ್ಲದೆ ಈ ಕೆಲಸ ಆಗುತ್ತಲೇ ಇರಲಿಲ್ಲ ಎಂಬುದು ಈ ಇತಿಹಾಸ ಓದಿದವರಿಗೆ ತಿಳಿಯುತ್ತದೆ. ಅಂದು ದೇಹ ಕೊಯ್ದು ಅಂಗಗಳನ್ನು ಒಂದೊಂದಾಗಿ ತೋರಿಸಿದವನು ತೊಂಬತ್ತರ ಮುದುಕ, ಸಮಾಜ ದೂರವಿಟ್ಟ ಕುಲದವನು. ಎಷ್ಟೋ ವೈದ್ಯರಿಗೆ ತೋರಿಸಿದ್ದೇನೆ, ಇದೇನು ಎಂದು ಒಬ್ಬರೂ ಕೇಳಿರಲಿಲ್ಲ ಎಂದು ಅವನು ಹೇಳಿದ್ದನ್ನೂ ಗೆನ್‌ಪಕು ಬಿಡದೆ ದಾಖಲಿಸಿದ್ದಾರೆ. ಅದನ್ನು ಓದಿದಾಗ ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ಹಿಂದಿನ ಸಲ ಊರಿಗೆ ಹೋದಾಗ ಅಪ್ಪನನ್ನು ಮಂಡಿನೋವಿಗೆಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ಕಾರ್ಟಿಲೇಜ್ ಸವೆದಿದೆ ಎಂದರು ಕನ್ನಡದವರೇ ಆದ ವೈದ್ಯರು. ಅಪ್ಪ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, “ಅದೇನು ಸವೆದಿರುವುದು?” ಎಂದು ನನ್ನನ್ನು ಕೇಳಿದರು. ಮೃದ್ವಸ್ಥಿ ಎಂದೆ.

“ಮೆತ್ತನೆಯ ಮೂಳೆಯೇ?” ಎಂದು ಮಂಡಿಯನ್ನು ಒತ್ತಿ ನೋಡಿಕೊಂಡರು.