200 ಗಂಟೆ, ಎರಡು ಬಾಗಿಲು

ಕಳೆದ ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಾಗ ಪೈಲಟ್‌ಗಳ ನೇಮಕಾತಿಗೆ ಎಷ್ಟು ಗಂಟೆಗಳ ಹಾರಾಟದ ಅನುಭವ ಬೇಕು ಎಂಬ ಮಾತು ಬಂತು. ಸಾರು ಬಡಿಸುವಾಗ ಶುರುವಾದ ವಾದ ಮಜ್ಜಿಗೆಯ ಹೊತ್ತಿಗೂ ಮುಗಿಯಲಿಲ್ಲ. ಒಂದು ಕಡೆ ಅಕ್ಕನ ಮಗ; ಈಗ ಏರ್‌ಬಸ್ ವಿಮಾನದಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ಇನ್ನೊಂದು ಕಡೆ ಭಾವನ ಹಳೆಯ ಸ್ನೇಹಿತರು. ವಾಯುಪಡೆಯಲ್ಲಿ ಸಾರಿಗೆ ವಿಮಾನಗಳನ್ನು ಹಾರಿಸಿ ನಿವೃತ್ತರಾದವರು. "ಗಂಟೆ ಆಗಬೇಕು ಕಣಪ್ಪ, ಗಂಟೆಗೆ ಬದಲಿ ಅಂತ ಒಂದಿಲ್ಲ" ಎಂಬುದು ಅವರ ಪಟ್ಟು. "ಆ ಗಂಟೆ ಮಾಡುವುದಕ್ಕೆ ಯಾರಾದರೂ ಕೂರಿಸಬೇಕಲ್ಲ, ಅಂಕಲ್" ಎಂಬುದು ಇವನ ಉತ್ತರ. ನಾನು ಇಬ್ಬರ ನಡುವೆ ಕುಳಿತಿದ್ದೆ. ವಿಮಾನದ ಬಗ್ಗೆ ನನಗಿರುವ ಅರ್ಹತೆಯೆಂದರೆ ಒಂದೇ, ಸೋದರಳಿಯನ ತರಬೇತಿ ಸಾಲಕ್ಕೆ ಜಾಮೀನು ಹಾಕಿದವನು ನಾನು. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಸಾಲದ ಕಡತಗಳನ್ನು ತಿರುವಿ ಹಾಕಿದವನಿಗೆ ಅಂಕಿ ಕಂಡರೆ ಅದರ ಹಿಂದೆ ಏನಿದೆ ಎಂದು ನೋಡುವ ಚಾಳಿ ಬಿಡುವುದಿಲ್ಲ. ಆ ಚಾಳಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿ, ಅಂದರೆ ಎಲ್ಲರೂ ಸಿಪಿಎಲ್ ಎನ್ನುವುದು, ಸಿಗಬೇಕಾದರೆ 200 ಗಂಟೆಗಳ ಹಾರಾಟ ಆಗಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆಯನ್ನು ತಾನೇ ಹೊತ್ತು ಹಾರಿಸಿರಬೇಕು. ಜೊತೆಗೆ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಲಿಖಿತ ಪರೀಕ್ಷೆಗಳು, ರೇಡಿಯೊ ಪರವಾನಗಿ, ವೈದ್ಯಕೀಯ ತಪಾಸಣೆ. ಇಷ್ಟೆಲ್ಲ ಮುಗಿಸಿದವನು ಕಾನೂನಿನ ಕಣ್ಣಿನಲ್ಲಿ ಪ್ರಯಾಣಿಕ ವಿಮಾನದ ಬಲಗಡೆಯ, ಅಂದರೆ ಸಹ ಪೈಲಟ್‌ನ, ಆಸನಕ್ಕೆ ಅರ್ಹ. ಆ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆಯೊಂದನ್ನು ಮಾಡಿಕೊಂಡರಾಯಿತು. ಆದರೆ ವಿಮಾನಯಾನ ಸಂಸ್ಥೆಗಳ ಜಾಹೀರಾತು ಬೇರೆಯೇ ಮಾತಾಡುತ್ತಿತ್ತು. ಆ ವಿಮಾನದಲ್ಲೇ 500 ಗಂಟೆ ಹಾರಿಸಿದವರು ಬೇಕು, ಇಷ್ಟು ತಿಂಗಳ ಒಳಗೆ ಹಾರಿಸಿದವರು ಬೇಕು ಎಂದು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ನಮ್ಮ ಗಾದೆಯನ್ನು ಯಾರೋ ಮಾನವ ಸಂಪನ್ಮೂಲ ವಿಭಾಗದವರು ಓದಿಕೊಂಡು ಈ ಜಾಹೀರಾತು ಬರೆದಂತಿತ್ತು.

ಸೋದರಳಿಯನ ಕೈಗೆ ಪರವಾನಗಿ ಬಂದದ್ದು 2011ರಲ್ಲಿ. ಅದಕ್ಕಾಗಿ ಅಕ್ಕ ಭಾವ ಎರಡು ಎಕರೆ ಅಡಿಕೆ ತೋಟವನ್ನು ಅಡಮಾನ ಇಟ್ಟಿದ್ದರು. ಮರುವರ್ಷ, 2012ರ ಅಕ್ಟೋಬರಿನಲ್ಲಿ, ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿತು. ಸಾವಿರಾರು ಗಂಟೆ ಅನುಭವವಿದ್ದ, ಟೈಪ್ ರೇಟಿಂಗ್ ಇದ್ದ ಪೈಲಟ್‌ಗಳೇ ಕೆಲಸ ಹುಡುಕಿಕೊಂಡು ಬೀದಿಗೆ ಬಂದಾಗ 200 ಗಂಟೆಯ ಹುಡುಗನನ್ನು ಕೇಳುವವರಾದರೂ ಯಾರು? ಇವನು ಕಾದ. ಕಾಯುವುದೆಂದರೆ ಸುಮ್ಮನೆ ಮನೆಯಲ್ಲಿ ಕೂರುವುದು ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ವೈದ್ಯಕೀಯ ತಪಾಸಣೆ ವರ್ಷ ವರ್ಷವೂ ಆಗಬೇಕು. ಉಪಕರಣಗಳನ್ನೇ ನೋಡಿಕೊಂಡು ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗನ್ನೂ ವರ್ಷ ವರ್ಷ ನವೀಕರಿಸಬೇಕು. ಅದಕ್ಕಾಗಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ವಿಮಾನ ಬಾಡಿಗೆಗೆ ಹಿಡಿಯಬೇಕು. ತೋಟದ ಸಾಲದ ಕಂತು ಒಂದು ಕಡೆ, ಕೈಯಲ್ಲಿರುವ ಪರವಾನಗಿ ಸಾಯದಂತೆ ನೋಡಿಕೊಳ್ಳುವ ಖರ್ಚು ಇನ್ನೊಂದು ಕಡೆ. ಅವನ ಲಾಗ್‌ಬುಕ್ಕನ್ನು ನಾನು ನೋಡಿದ್ದೇನೆ. ಮೊದಲ ಪುಟಗಳಲ್ಲಿ ದಿನಕ್ಕೆರಡು ಹಾರಾಟಗಳ ದಾಖಲೆ ಒತ್ತೊತ್ತಾಗಿವೆ. ಆಮೇಲೆ ಒಂದು ಪುಟದಲ್ಲಿ ಇಡೀ ವರ್ಷವೇ ಮುಗಿದುಹೋಗುತ್ತದೆ. ಒಂದು ಗಂಟೆ, ಒಂದೂಕಾಲು ಗಂಟೆ, ನಡುವೆ ತಿಂಗಳುಗಟ್ಟಲೆ ಏನೂ ಇಲ್ಲ. ಪ್ರತಿ ಪುಟದ ಕೆಳಗೆ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುವ ಸಾಲಿದೆ, ನಮ್ಮ ಲೆಡ್ಜರಿನಲ್ಲಿ ಇರುವಂಥದೇ. ಆರು ವರ್ಷಗಳಲ್ಲಿ ಆ ಮೊತ್ತ ಐವತ್ತು ಗಂಟೆಯಷ್ಟೂ ಬೆಳೆದಿರಲಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಅದರ ಹೆಸರು ಕೆಡೆಟ್ ಪೈಲಟ್ ಯೋಜನೆ. ಸಂಸ್ಥೆಯೇ ಅಭ್ಯರ್ಥಿಯನ್ನು ಮೊದಲಿಗೆ ಆರಿಸಿ, ತಾನು ಒಪ್ಪಿದ ಶಾಲೆಗೆ ಕಳಿಸಿ, ತರಬೇತಿ ಮುಗಿದ ಮೇಲೆ ಷರತ್ತಿನ ಮೇರೆಗೆ ಕೆಲಸ ಕೊಡುತ್ತದೆ. ಖರ್ಚು ಮಾತ್ರ ಅಭ್ಯರ್ಥಿಯದು, ಇವತ್ತಿನ ದರದಲ್ಲಿ ಒಂದು ಕೋಟಿ ದಾಟುತ್ತದೆ. ಅಲ್ಲಿಂದ ಹೊರಬರುವ ಕೆಡೆಟ್‌ನ ಲಾಗ್‌ಬುಕ್ಕಿನಲ್ಲೂ ಇರುವುದು ಹೆಚ್ಚುಕಡಿಮೆ ಅದೇ 200 ಗಂಟೆ! ನನ್ನ ತಕರಾರು ಇರುವುದು ಇಲ್ಲಿ. ಒಬ್ಬನ 200 ಗಂಟೆಗೆ "ಅನುಭವ ಸಾಲದು" ಎಂದ ಸಂಸ್ಥೆಗೆ ಇನ್ನೊಬ್ಬನ 200 ಗಂಟೆ ಸಾಕಾಗುವುದಾದರೆ, ಅಲ್ಲಿ ಅಳೆಯುತ್ತಿರುವುದು ಅನುಭವವನ್ನಲ್ಲ. ಕೆಡೆಟ್‌ಗಳ ಬಗ್ಗೆ ನನಗೆ ಸಿಟ್ಟಿಲ್ಲ, ಅವರೂ ಸಾಲ ಮಾಡಿಯೇ ಬಂದ ಮಕ್ಕಳು. ಅವರ ತರಬೇತಿಯನ್ನು ಮೊದಲ ದಿನದಿಂದಲೂ ಸಂಸ್ಥೆ ಕಣ್ಣಾರೆ ಕಂಡಿರುತ್ತದೆ, ಅವರ ಗಂಟೆಗಳ ಒಳಗೆ ಏನಿದೆ ಎಂಬುದು ಅದಕ್ಕೆ ಗೊತ್ತಿರುತ್ತದೆ ಎಂಬ ಸಮರ್ಥನೆಯಲ್ಲೂ ತೂಕವಿದೆ. ಹಾಗಾದರೆ ಹೊರಗಿನಿಂದ ಬಂದವನ ಗಂಟೆಗಳ ಒಳಗೆ ಏನಿದೆ ಎಂದು ನೆಲದ ಮೇಲೆಯೇ ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಿ ಕೂರಿಸಿ ನೋಡಬಹುದಲ್ಲ? ನೋಡದೆ ಅರ್ಜಿಯನ್ನು ಬದಿಗಿಡುವುದು ಸುರಕ್ಷತೆಯ ಹೆಸರಿನಲ್ಲಿ ತನ್ನ ಶ್ರಮ ಉಳಿಸಿಕೊಳ್ಳುವ ಉಪಾಯ.

ವಾಯುಪಡೆಯ ಹಿರಿಯರು ಅಮೆರಿಕದ ಉದಾಹರಣೆ ಕೊಟ್ಟರು. ಅಲ್ಲಿ 2013ರಿಂದ ಪ್ರಯಾಣಿಕ ವಿಮಾನದ ಸಹ ಪೈಲಟ್‌ಗೂ 1500 ಗಂಟೆ ಕಡ್ಡಾಯ. ಸೇನೆಯಿಂದ ಬಂದವರಿಗೆ, ವಿಮಾನಯಾನದ ಪದವಿ ಪಡೆದವರಿಗೆ ಒಂದಿಷ್ಟು ರಿಯಾಯಿತಿ. 2009ರ ಫೆಬ್ರವರಿಯಲ್ಲಿ ಬಫಲೋ ನಗರದ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ, ಮೃತರ ಕುಟುಂಬಗಳು ಹಟ ಹಿಡಿದು ತರಿಸಿದ ಕಾನೂನು ಅದು. ಆದರೆ ಆ ವಿಮಾನದ ಕ್ಯಾಪ್ಟನ್‌ಗೆ 3379 ಗಂಟೆ, ಸಹ ಪೈಲಟ್‌ಗೆ 2244 ಗಂಟೆ ಆಗಿತ್ತು. 1500ರ ನಿಯಮ ಅಂದೇ ಇದ್ದಿದ್ದರೂ ಇಬ್ಬರೂ ಅದೇ ಆಸನಗಳಲ್ಲಿ ಕುಳಿತಿರುತ್ತಿದ್ದರು. ಕ್ಯಾಪ್ಟನ್ ಹಿಂದೆ ಹಲವು ಪರೀಕ್ಷಾ ಹಾರಾಟಗಳಲ್ಲಿ ಅನುತ್ತೀರ್ಣರಾಗಿದ್ದದ್ದು, ಅದರಲ್ಲಿ ಕೆಲವನ್ನು ಅರ್ಜಿಯಲ್ಲಿ ಹೇಳದೆ ಬಿಟ್ಟಿದ್ದದ್ದು, ಇಬ್ಬರಿಗೂ ಸರಿಯಾದ ನಿದ್ದೆ ಇಲ್ಲದಿದ್ದದ್ದು ತನಿಖೆಯಲ್ಲಿ ಹೊರಬಂತು. ಗಂಟೆಯ ಮೊತ್ತದಲ್ಲಿ ಇದ್ಯಾವುದೂ ಕಾಣಿಸುವುದಿಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ನಮಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ಕರಾವಳಿಯವರಿಗೆ ಈ ಅಂಕಿಗಳನ್ನು ಯಾರೂ ನೆನಪಿಸಬೇಕಾಗಿಲ್ಲ. ನಮ್ಮ ಶಾಖೆಯಲ್ಲೇ ಗಲ್ಫ್‌ನಿಂದ ಹಣ ಬರುತ್ತಿದ್ದ ಎರಡು ಖಾತೆಗಳು ಅಂದು ನಿಂತುಹೋದವು. ಆ ವಿಮಾನದ ಕ್ಯಾಪ್ಟನ್ ವಿದೇಶದಿಂದ ನೇಮಕಗೊಂಡು ಬಂದವರು, 10,000ಕ್ಕೂ ಮಿಕ್ಕಿದ ಗಂಟೆಗಳ ಅನುಭವ ಅವರದು. ಪಕ್ಕದಲ್ಲಿದ್ದ ನಮ್ಮವರೇ ಆದ ಫಸ್ಟ್ ಆಫೀಸರ್‌ಗೆ ಅದರ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಆದರೆ ಮಂಗಳೂರಿನ ಆ ರನ್‌ವೇಯಲ್ಲಿ ಹೆಚ್ಚು ಬಾರಿ ಇಳಿದಿದ್ದವರು ಈ ಎರಡನೆಯವರು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಮಾಡಿದ್ದರು. ಗೊರಕೆಯ ಸದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ದಾಖಲಾಗಿದೆ. ಎದ್ದವರು ವಿಮಾನವನ್ನು ತೀರಾ ಎತ್ತರದಲ್ಲಿ, ತೀರಾ ವೇಗದಲ್ಲಿ ತಂದರು. ಇಳಿಸಬೇಡಿ, ಮತ್ತೆ ಮೇಲೆತ್ತಿ ಸುತ್ತು ಹಾಕೋಣ ಎಂಬರ್ಥದ "ಗೋ ಅರೌಂಡ್" ಮಾತನ್ನು ಸಹ ಪೈಲಟ್ ಒಂದಲ್ಲ, ಮೂರು ಬಾರಿ ಹೇಳಿದರು. ಯಂತ್ರವೂ ಎಚ್ಚರಿಕೆ ಕೂಗುತ್ತಿತ್ತು. ಕ್ಯಾಪ್ಟನ್ ಕೇಳಲಿಲ್ಲ. ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಐದು ಸಾವಿರ ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು.

ಈ ಘಟನೆ ನೆನಪಾದಾಗಲೆಲ್ಲ ನನಗೆ ಅನಿಸುವುದಿಷ್ಟು: ಆ ಕಾಕ್‌ಪಿಟ್‌ನಲ್ಲಿ ಕಡಿಮೆ ಗಂಟೆಯವನ ಬಾಯಲ್ಲಿ ಸರಿಯಾದ ಮಾತಿತ್ತು, ಹೆಚ್ಚು ಗಂಟೆಯವನ ಕೈಯಲ್ಲಿ ಅಧಿಕಾರವಿತ್ತು. ಅನುಭವವನ್ನು ಬರೀ ಮೊತ್ತದಲ್ಲಿ ಪೂಜಿಸುವ ಕಡೆ ಕಿರಿಯ ಮೂರು ಬಾರಿ ಹೇಳುತ್ತಾನೆ, ನಾಲ್ಕನೆಯ ಬಾರಿ ಹೇಳುವ ಹೊತ್ತಿಗೆ ರನ್‌ವೇ ಮುಗಿದಿರುತ್ತದೆ. ಇದನ್ನು ಊಟದ ಮನೆಯಲ್ಲಿ ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಗಂಟೆಯ ತಪ್ಪಲ್ಲ, ಮನುಷ್ಯನ ತಪ್ಪು" ಎಂದರು. ಒಪ್ಪಿದೆ. ಆದರೆ ನೇಮಕ ಮಾಡಿಕೊಳ್ಳುವಾಗ ನೋಡಬೇಕಾದದ್ದು ಆ ಮನುಷ್ಯನನ್ನೇ ಅಲ್ಲವೇ?

ಇನ್ನೊಂದು ಕಹಿ ಸಂಗತಿಯನ್ನೂ ಹೇಳಬೇಕು. ಸಾವಿರಾರು ಸಿಪಿಎಲ್ ಮಕ್ಕಳು ಮನೆಯಲ್ಲಿ ಕುಳಿತಿದ್ದ ಆ ವರ್ಷಗಳಲ್ಲೇ ನಮ್ಮ ಸಂಸ್ಥೆಗಳು ತಾತ್ಕಾಲಿಕ ಪರವಾನಗಿಯ ಮೇಲೆ ವಿದೇಶಿ ಕ್ಯಾಪ್ಟನ್‌ಗಳನ್ನು ತರಿಸಿಕೊಳ್ಳುತ್ತಿದ್ದವು. ಅದನ್ನು ಕೊನೆಗೊಳಿಸುವ ಗಡುವು ಬರುತ್ತಿತ್ತು, ಮುಂದಕ್ಕೆ ಹೋಗುತ್ತಿತ್ತು. ಕ್ಯಾಪ್ಟನ್ ಕೊರತೆ ನಿಜವೇ ಇತ್ತು, ಸುಳ್ಳಲ್ಲ. ಆದರೆ ಕ್ಯಾಪ್ಟನ್ ಎಂಬುವನು ಎಡಗಡೆಯ ಆಸನದಲ್ಲಿ ಹುಟ್ಟುವುದಿಲ್ಲ, ಬಲಗಡೆಯ ಆಸನದಲ್ಲಿ ವರ್ಷಗಟ್ಟಲೆ ಕೂತು ಆಗುತ್ತಾನೆ. ಅವತ್ತು ಬಲಗಡೆ ಕೂರಿಸದೆ ಬಿಟ್ಟಿದ್ದರಿಂದ ಇವತ್ತು ಎಡಗಡೆಗೆ ಜನವಿಲ್ಲ. ಸಸಿ ಹಾಕದವನು ಫಸಲಿಲ್ಲ ಎಂದು ಕೊರಗಿದರೆ ತೋಟದವರು ನಗುತ್ತಾರೆ.

ಗಂಟೆಗಳ ಬಗ್ಗೆ ಪೈಲಟ್‌ಗಳಲ್ಲೇ ಒಂದು ಕುಹಕವಿದೆಯಂತೆ: ಕೆಲವರ ಗಂಟೆಗಳು ವಿಮಾನದಲ್ಲಿ ಹಾರಿದವಲ್ಲ, ಪಾರ್ಕರ್ ಪೆನ್ನಿನಲ್ಲಿ ಹಾರಿದವು ಎಂದು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಪರವಾನಗಿ ಪಡೆದವರು ಸಿಕ್ಕಿಬಿದ್ದಾಗ, ಹಾರದ ಗಂಟೆಗಳನ್ನು ಲಾಗ್‌ಬುಕ್ಕಿಗೆ ಏರಿಸಿದ ಪ್ರಕರಣಗಳೂ ಬೆಳಕಿಗೆ ಬಂದವು. ಮೊತ್ತವೊಂದೇ ಮಾನದಂಡವಾದಾಗ ಮೊತ್ತವನ್ನು ಉಬ್ಬಿಸುವ ಜನ ಹುಟ್ಟಿಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಇದ್ದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಇಷ್ಟು ಹೇಳಿದ ಮೇಲೆ, ಗಂಟೆಯ ಲೆಕ್ಕವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ಕಾರಣ ಮಾರ್ಲನ್ ಗ್ರೀನ್ ಎಂಬ ಕಪ್ಪು ವರ್ಣದ ಪೈಲಟ್. ಅಮೆರಿಕದ ವಾಯುಪಡೆಯಲ್ಲಿ ಹಾರಿಸಿದ್ದ ಈತ 1957ರಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್‌ಗೆ ಅರ್ಜಿ ಹಾಕುವಾಗ ಜನಾಂಗ ಯಾವುದು ಎಂಬ ಜಾಗವನ್ನು ಖಾಲಿ ಬಿಟ್ಟ. ಪರೀಕ್ಷಾ ಹಾರಾಟಕ್ಕೆ ಕರೆ ಬಂತು. ಮುಖ ನೋಡಿದ ಮೇಲೆ ಕೆಲಸ ಬರಲಿಲ್ಲ. ಇವನಿಗಿಂತ ಕಡಿಮೆ ಗಂಟೆಗಳಿದ್ದ ಬಿಳಿಯರಿಗೆ ಸಿಕ್ಕಿತು. ಆರು ವರ್ಷ ಹೋರಾಡಿ 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ಸರ್ವಾನುಮತದ ತೀರ್ಪು ಪಡೆದು, 1965ರಲ್ಲಿ ಅದೇ ಸಂಸ್ಥೆಯ ವಿಮಾನ ಏರಿದ. ಅವನ ಬೆನ್ನಿಗೆ ನಿಂತದ್ದು ಆ ಗಂಟೆಗಳೇ. ಬಣ್ಣ ನೋಡುವ ಕಣ್ಣಿಗೆ ಎದುರಾಗಿ ಹಿಡಿಯಲು ಅವನ ಬಳಿ ಒಂದು ಅಂಕಿ ಇತ್ತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿನಿಂದ ಹಾರಿ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಅದು ಯಾರೋ ದಯೆಯಿಂದ ಕೊಟ್ಟ ಅವಕಾಶ ಎಂದು ಕೊಂಕು ನುಡಿಯುವವರ ಬಾಯಿ ಮುಚ್ಚಿಸುವುದೂ ಅವರವರ ಲಾಗ್‌ಬುಕ್ಕೇ.

ಹಾಗಾಗಿ ನನ್ನ ಜಗಳ ಅಂಕಿಯ ಜೊತೆಗಲ್ಲ, ಅಂಕಿಯನ್ನು ತಮ್ಮ ಅನುಕೂಲಕ್ಕೆ ಏರಿಸಿ ಇಳಿಸುವವರ ಜೊತೆಗೆ. ಪೈಲಟ್‌ಗಳು ಹೆಚ್ಚಿದ್ದಾಗ ಗೆರೆ ಮೇಲೆ ಹೋಗುತ್ತದೆ, ಕೊರತೆ ಬಿದ್ದಾಗ ಸದ್ದಿಲ್ಲದೆ ಕೆಳಗಿಳಿಯುತ್ತದೆ, ಎರಡು ಸಲವೂ ಕಾರಣ ಸುರಕ್ಷತೆ ಎನ್ನುತ್ತಾರೆ. ಒಳಗಿರುವ ಪೈಲಟ್‌ಗಳೂ ಇದರಲ್ಲಿ ಸಾಚಾ ಅಲ್ಲ. ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾದ ಮೇಲೆ, ಡ್ರೀಮ್‌ಲೈನರ್ ಎಂಬ ಹೊಸ ಬೋಯಿಂಗ್ ವಿಮಾನದ ತರಬೇತಿ ಇಂಡಿಯನ್ ಏರ್‌ಲೈನ್ಸ್ ಕಡೆಯವರಿಗೂ ಸಿಗಬಾರದೆಂದು ಏರ್ ಇಂಡಿಯಾ ಕಡೆಯವರು 2012ರಲ್ಲಿ 58 ದಿನ ಮುಷ್ಕರ ಹೂಡಿದ್ದರು. ಅಲ್ಲಿಯೂ ಕೇಳಿಬಂದ ಪದ ನ್ಯಾಯವೇ.

ನಾನು ಕೇಳುವುದು ದೊಡ್ಡದೇನಲ್ಲ. ಸಾಲದ ಅರ್ಜಿ ತಿರಸ್ಕರಿಸಿದಾಗ ಕಾರಣ ಬರೆದು ತಿಳಿಸುವುದು ನಮಗೆ ಪಾಠವಾಗಿತ್ತು. ನೇಮಕದ ಪರೀಕ್ಷೆಗೆ ಬಂದ ಹುಡುಗನಿಗೂ ಅವನ ಅಂಕ ಗೊತ್ತಾಗಲಿ; ಕೆಡೆಟ್ ಆಗಲಿ, ಹೊರಗಿನವನಾಗಲಿ, ಒಂದೇ ಸಿಮ್ಯುಲೇಟರಿನಲ್ಲಿ, ಅಭ್ಯರ್ಥಿಯ ಹೆಸರು ಗೊತ್ತಿಲ್ಲದ ಪರೀಕ್ಷಕರ ಮುಂದೆ ಕೂರಲಿ; ಟೈಪ್ ರೇಟಿಂಗಿನ ಖರ್ಚನ್ನು ಆ ವಿಮಾನದಿಂದ ದುಡಿಯುವ ಸಂಸ್ಥೆಯೇ ಹೊರಲಿ.

ಸೋದರಳಿಯನಿಗೆ 2018ರಲ್ಲಿ ಕೆಲಸ ಸಿಕ್ಕಿತು, ತೋಟವೂ ಉಳಿಯಿತು. ಅವನ ಜೊತೆಗೇ ತರಬೇತಿ ಮುಗಿಸಿದ, ಹಾರಾಟದಲ್ಲಿ ತನಗಿಂತ ಮೇಲು ಎಂದು ಇವನೇ ಹೇಳುವ ಗೆಳೆಯ ಈಗ ನಮ್ಮ ಪೇಟೆಯಲ್ಲಿ ಪಂಪ್‌ಸೆಟ್, ಪೈಪಿನ ಅಂಗಡಿ ಇಟ್ಟುಕೊಂಡಿದ್ದಾನೆ. ಹೋದ ತಿಂಗಳು ತೋಟಕ್ಕೆ ವಾಲ್ವ್ ತರಲು ಹೋಗಿದ್ದಾಗ, ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನಲ್ಲಿ ಜಿಎಸ್‌ಟಿ ಕಡತಗಳ ನಡುವೆ ಅವನ ಲಾಗ್‌ಬುಕ್ ಕಂಡಿತು. ಬೆನ್ನಿನ ಅಕ್ಷರ ಇನ್ನೂ ಹೊಳೆಯುತ್ತಿತ್ತು. ಕೊನೆಯ ಪುಟದ ಮೊತ್ತ 231 ಗಂಟೆ. ಮೂರು ಸಂಸ್ಥೆಗಳ ಲಿಖಿತ ಪರೀಕ್ಷೆ ಬರೆದಿದ್ದನಂತೆ. "ಫೇಲ್ ಆಗಿದ್ದರೆ ಆಗಿರಲಿ ಮಾವ, ಎಷ್ಟರಲ್ಲಿ ಆದೆ ಅಂತಾದರೂ ಹೇಳಬಹುದಿತ್ತು" ಎಂದು ನಕ್ಕು, ಎರಡು ಇಂಚಿನದಾ ಎರಡೂವರೆಯದಾ ಎಂದು ಕೇಳಿದ.