ಒಂದು ಯಂತ್ರ, ಹದಿನೈದು ಬಾಲ

ಅಡಿಕೆಯ ಧಾರಣೆಯನ್ನು ನಂಬಿ ಸಾಲ ಮಾಡಬಾರದು ಎಂಬ ಜ್ಞಾನ ಬದಿಯಡ್ಕದ ನಮ್ಮ ಭಾವನಿಗೆ ಸಾಲ ಮಾಡಿದ ಮೇಲೆ ಬಂತು. ಹಾಗಾಗಿ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ತೆಂಗಿನಕಾಯಿ ತುರಿಯುವ ಯಂತ್ರ ತಯಾರಿಸತೊಡಗಿದರು. ಯಂತ್ರ ಒಳ್ಳೆಯದೇ. ಅಕ್ಕ ಅದನ್ನು ಹೊಗಳಿದ್ದಾಳೆ ಎಂದಮೇಲೆ ಬೇರೆ ಪ್ರಮಾಣಪತ್ರ ಬೇಕಿಲ್ಲ. ಆದರೆ ಬೇಕಾಯಿತು, ಏಕೆಂದರೆ ಭಾವನಿಗೆ ರಫ್ತಿನ ಹುಚ್ಚು ಹಿಡಿಯಿತು. ಕಾಸರಗೋಡಿನಲ್ಲಿ ಗಲ್ಫಿಗೆ ಹೋದವರಿಲ್ಲದ ಬೈಲು ಯಾವುದಿದೆ? ಅವರಿಗೆಲ್ಲ ಅಲ್ಲಿ ಕಾಯಿ ತುರಿಯುವ ಕಷ್ಟ ಇದ್ದೇ ಇದೆ.

“ಭಾವಾ, ಎಲ್ಲ ತಯಾರಾಗಿದೆ. ತಂತಿಯ ತುದಿಗೆ ಏನು ಹಾಕುವುದೆಂದು ಮಾತ್ರ ಹೇಳಿ” ಎಂದು ಒಂದು ಸಂಜೆ ಬಂದರು. ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಮಾತೆಂದು ನಾವಿಬ್ಬರೂ ಭಾವಿಸಿದೆವು. ಇಂದಿಗೆ ಏಳು ತಿಂಗಳಾಯಿತು.

ದುಬೈ, ದೋಹಾ, ಮಸ್ಕತ್ತುಗಳಲ್ಲಿ ಮೂರು ಚಪ್ಪಟೆ ಕಾಲುಗಳ ಬ್ರಿಟಿಷ್ ಪ್ಲಗ್. ನಮ್ಮದು ಮೂರು ಉರುಟು ಕಾಲುಗಳದ್ದು. ಅದೂ ಬ್ರಿಟಿಷರದೇ, 1934ರ ಮಾದರಿಯ ಸಂತಾನ. 1947ರಲ್ಲಿ ಅವರು ಇಲ್ಲಿಂದ ಗಂಟುಮೂಟೆ ಕಟ್ಟಿದರು; ಅದೇ ವರ್ಷ ತಮ್ಮ ಮನೆಗೆ ಚಪ್ಪಟೆ ಕಾಲಿನ ಹೊಸ ಮಾದರಿಯನ್ನು ಗೊತ್ತುಮಾಡಿಕೊಂಡರು. ಹಳೆಯ ಉರುಟು ಕಾಲು ನಮ್ಮ ಪಾಲಿಗೆ ಉಳಿಯಿತು, ರೈಲು ಮತ್ತು ಗುಮಾಸ್ತಗಿರಿಯ ಜೊತೆಗೆ. ಹೊಸ ಪ್ಲಗ್ಗಿನ ಹೊಟ್ಟೆಯೊಳಗೊಂದು ಫ್ಯೂಸ್ ಇರುತ್ತದೆ. ಬ್ರಿಟನ್ನಿನ ಮನೆಗಳಲ್ಲಿ ಒಂದೇ ತಂತಿ ಗೋಡೆಯೊಳಗೆ ಉಂಗುರದಂತೆ ಸುತ್ತಿ ಬರುತ್ತದೆ, ಅದರಲ್ಲಿ 30 ಆಂಪಿಯರ್ ಹರಿಯಬಹುದು. ಬಡಪಾಯಿ ಯಂತ್ರದ ಬಳ್ಳಿಯನ್ನು ಕಾಯಲು ಪ್ಲಗ್ಗಿನಲ್ಲೇ ಕಾವಲುಗಾರ ಬೇಕು. 700 ವಾಟ್‌ವರೆಗೆ 3 ಆಂಪಿಯರಿನ ಕಾವಲುಗಾರ, ಅದಕ್ಕಿಂತ ಮೇಲೆ 13ರವನು. ಭಾವ ಇದನ್ನೆಲ್ಲ ಪಂಚಾಂಗದ ಅಂಚಿನಲ್ಲಿ ಬರೆದುಕೊಂಡರು.

“ಹಾಗಾದರೆ ಸೌದಿಗೂ ಇದೇ ಅಲ್ಲವೇ?” ಪ್ಲಗ್ ಇದೇ, ಭಾವ. ಆದರೆ ಅಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಸಲ ಅಲ್ಲ, 60 ಸಲ ತಿರುಗುತ್ತದೆ. ನಿಮ್ಮ ಇಂಡಕ್ಷನ್ ಮೋಟರ್ ಐದನೆಯ ಒಂದು ಪಾಲು ಹೆಚ್ಚು ವೇಗದಲ್ಲಿ ಓಡಿ ಕಾಯಿಯ ಜೊತೆ ಗೆರಟೆಯನ್ನೂ ತುರಿದೀತು. ಅಮೆರಿಕದಲ್ಲಿರುವ ತಂಗಿಯ ಮಗನಿಗೆ ಕಳುಹಿಸಿದರೆ 120 ವೋಲ್ಟಿನಲ್ಲಿ ಅದೇ ಯಂತ್ರ ಏಕಾದಶಿ ಮಾಡಿದವರಂತೆ ನರಳುತ್ತದೆ. ನಮ್ಮ ಹಳೆಯ ವೈರಿಂಗಿನಲ್ಲಿ ಕರಿ ತಂತಿ ನ್ಯೂಟ್ರಲ್, ಅಮೆರಿಕದ ಗೋಡೆಯೊಳಗೆ ಅದೇ ಕರಿ ತಂತಿ ಫೇಸ್. ಒಂದೇ ಬಣ್ಣ ಇಲ್ಲಿ ಸಾಧು, ಅಲ್ಲಿ ಯಮ.

ಜಗತ್ತಿನ ಪ್ಲಗ್‌ಗಳಿಗೆ ಒಂದು ಅಕ್ಷರಮಾಲೆಯೇ ಇದೆ, 15 ಬಗೆ. ಇದನ್ನು ಸರಿಪಡಿಸುತ್ತೇವೆಂದು 1906ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1986ರಲ್ಲಿ ಒಂದು ವಿಶ್ವ ಪ್ಲಗ್ಗನ್ನು ಪ್ರಕಟಿಸಿತು. ಆಯೋಗದ ಕಚೇರಿ ಇರುವುದು ಜಿನೀವಾದಲ್ಲಿ. ಆ ಸ್ವಿಟ್ಸರ್ಲೆಂಡಿನ ಪ್ಲಗ್ ನೋಡಲು ವಿಶ್ವ ಪ್ಲಗ್ಗಿನ ಅವಳಿಯಂತಿದೆ, ಆದರೆ ಒಂದರ ತೂತಿಗೆ ಇನ್ನೊಂದು ಹೋಗುವುದಿಲ್ಲ. ಅಣ್ಣತಮ್ಮಂದಿರ ಪಾಲುಪಟ್ಟಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಪ್ಪಿಕೊಂಡ ಪುಣ್ಯಾತ್ಮರು ಮುಖ್ಯವಾಗಿ ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಾ. ಒಪ್ಪಿಕೊಂಡ ಮೇಲೆ ಬ್ರೆಜಿಲ್ ಕಾಲಿನ ದಪ್ಪವನ್ನು ತನಗೆ ಬೇಕಾದಂತೆ ಬದಲಾಯಿಸಿಕೊಂಡಿತು: ಆಫ್ರಿಕಾದಲ್ಲಿ 4.5 ಮಿಲಿಮೀಟರ್, ಬ್ರೆಜಿಲಿನಲ್ಲಿ ಸಣ್ಣದಕ್ಕೆ 4, ದೊಡ್ಡದಕ್ಕೆ 4.8. ಇಷ್ಟಾಗಿ ಆ ಒಂದೇ ತೂತಿನಲ್ಲಿ ಸಾವೊ ಪಾಲೊದಲ್ಲಿ 127 ವೋಲ್ಟ್ ಬಂದರೆ ಬ್ರೆಸಿಲಿಯಾದಲ್ಲಿ 220. ವಿಶ್ವ ಏಕತೆಯೆಂದರೆ ಇದು: ಪ್ಲಗ್ ಸಲೀಸಾಗಿ ಕೂರುತ್ತದೆ, ಯಂತ್ರ ಸುಡುತ್ತದೆ. ನಮ್ಮ ಗೀಸರಿನ ದಪ್ಪ ಪ್ಲಗ್ ಮಾತ್ರ ಯಾವ ಸಭೆಯ ಠರಾವೂ ಇಲ್ಲದೆ ದಕ್ಷಿಣ ಆಫ್ರಿಕಾದ ಹಳೆಯ ಗೋಡೆಗಳಿಗೆ ನೇರವಾಗಿ ಹಿಡಿಯುತ್ತದೆ.

ಇದನ್ನೆಲ್ಲ ಕೇಳಿಯೂ ಭಾವ ಧೃತಿಗೆಡಲಿಲ್ಲ. ಕಾಸರಗೋಡಿನವರಲ್ಲವೇ! 1956ರ ನವೆಂಬರ್ 1ರಂದು ನಾವು ಕುಳಿತಲ್ಲೇ ಕುಳಿತಿದ್ದೆವು. ಗೋಡೆಯ ತೂತು ಬದಲಾಯಿತು. ಅಂದಿನಿಂದ ಕನ್ನಡದ ಅರ್ಜಿಯನ್ನು ಮಲಯಾಳದ ಕಿಂಡಿಯೊಳಗೆ ತುರುಕುವ ಕಲೆಯಲ್ಲಿ ಇಡೀ ತಾಲೂಕು ಪಳಗಿದೆ. ಪ್ಲಗ್ಗಿನ ವಿಷಯದಲ್ಲಂತೂ ಕೇಳುವುದೇ ಬೇಡ. ಗಲ್ಫಿನಿಂದ ಬಂದ ಇಸ್ತ್ರಿಪೆಟ್ಟಿಗೆಯ ಚಪ್ಪಟೆ ತಲೆ ಕತ್ತರಿಸಿ, ತಂತಿಯ ತುದಿ ಸುಲಿದು, ಎರಡು ಬೆಂಕಿಕಡ್ಡಿಗಳ ಜೊತೆ ಗೋಡೆಗೆ ಚುಚ್ಚದ ಮನೆ ಯಾವುದು? ಮೂರನೆಯ ಕಾಲು ಉದ್ದವಿರುವುದು ಅರ್ತಿಂಗ್ ಮೊದಲು ತಾಗಿ ಕೊನೆಗೆ ಬಿಡಲಿ ಎಂದು. ನಾವು ಅದನ್ನು ‘ಅಡ್ಡ ಬರುತ್ತದೆ’ ಎಂದು ಗರಗಸದಲ್ಲಿ ತೆಗೆಯುತ್ತೇವೆ. ಎರಡು ಕಾಲಿನದ್ದನ್ನು ಬ್ರಿಟಿಷ್ ತೂತಿಗೆ ನುಗ್ಗಿಸಬೇಕಾದರೆ ಕೆಳಗಿನ ತೂತುಗಳ ಮುಚ್ಚಳ ತೆರೆಯಲೆಂದು ಮೇಲಿನ ತೂತಿಗೆ ಪೆನ್ನು ಹಾಕಿ ಕಣ್ಣುಮುಚ್ಚಾಲೆಯಾಡುತ್ತೇವೆ. ಸಂತೆಯಲ್ಲಿ ಸಿಗುವ ‘ಸರ್ವದೇಶ’ ಅಡಾಪ್ಟರೋ ಚುನಾವಣೆಯ ಮೈತ್ರಿಕೂಟವೇ ಸರಿ: ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಯಾರನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಜರ್ಮನ್ ಪ್ಲಗ್ಗಿನ ಪಕ್ಕದ ಅರ್ತಿಂಗ್ ಪಟ್ಟಿಗೆ ಅದರೊಳಗೆ ತಾಗಲು ಏನೂ ಇರುವುದಿಲ್ಲ. ಬ್ರಿಟನ್ನಿನಲ್ಲೇ ಎಷ್ಟೋ ಯಂತ್ರಗಳು ಪ್ಲಗ್ ಇಲ್ಲದೆ ಬೋಳು ತಂತಿಯೊಂದಿಗೆ ಮಾರಾಟವಾಗುತ್ತಿದ್ದವು. ಪ್ಲಗ್ ಹಾಕಿಯೇ ಮಾರಬೇಕೆಂಬ ನಿಯಮ ಬಂದದ್ದು 1994ರಲ್ಲಿ. ಆದ್ದರಿಂದ ನಮ್ಮ ಬೆಂಕಿಕಡ್ಡಿಯನ್ನು ಯಾರೂ ಹಳ್ಳಿಯ ಅಜ್ಞಾನ ಎನ್ನಕೂಡದು.

ಕಾಗದಪತ್ರಗಳ ಕಥೆ ಬರೆದರೆ ಪುಟ ಸಾಲದು. ಯಂತ್ರಕ್ಕೆ ಒಂದು ಪರೀಕ್ಷೆ, ಪ್ಲಗ್ಗಿಗೆ ಬೇರೆ ಪರೀಕ್ಷೆ, ಬಳ್ಳಿಗೆ ಮೂರನೆಯದು. ಕೊನೆಗೆ ಬಲ್ಲವರೊಬ್ಬರು ದಾರಿ ತೋರಿಸಿದರು: ಯಂತ್ರದ ಬೆನ್ನಿಗೆ ಕಂಪ್ಯೂಟರಿಗಿರುವಂಥ ಗುಳಿ ಇಡಿ, ಬಳ್ಳಿ ಬೇರೆಯೇ ಇರಲಿ, ಯಾವ ದೇಶಕ್ಕೆ ಕಳುಹಿಸುತ್ತೀರೋ ಆ ದೇಶದ ಮುದ್ರೆಯಿರುವ ಬಳ್ಳಿಯನ್ನು ಕೊಂಡು ಪೆಟ್ಟಿಗೆಗೆ ಹಾಕಿ. ಏಳು ತಿಂಗಳ ಚಿಂತೆಗೆ ಇಷ್ಟೇ ಮದ್ದು. ಭಾವ ದುಬೈಗೆಂದು ಫ್ಯೂಸ್ ಸಹಿತ, ಮುದ್ರೆ ಸಹಿತ ಬ್ರಿಟಿಷ್ ಬಳ್ಳಿಗಳನ್ನು ತರಿಸಿದರು. ಒಂದೊಂದನ್ನೂ ಜನಿವಾರದಂತೆ ಜೋಪಾನವಾಗಿ ಸುತ್ತಿಟ್ಟರು.

ಮೊದಲ ಪೆಟ್ಟಿಗೆ ಹೊರಡುವ ಹಿಂದಿನ ದಿನ ನಾನೂ ಅಲ್ಲಿದ್ದೆ. ಮನೆಯಲ್ಲಿ ತಿಥಿ, ಮೂವತ್ತು ಜನಕ್ಕೆ ಊಟ, ಹದಿನೈದು ಕಾಯಿ ತುರಿಯಬೇಕು. ಮನೆಯ ಹಳೆಯ ಯಂತ್ರ ಅಂದೇ ಕೆಟ್ಟಿತು. ಅಕ್ಕ ಒಂದೂ ಮಾತಾಡದೆ ಹೊಸ ಪೆಟ್ಟಿಗೆಯನ್ನು ಒಡೆದು, ಬಳ್ಳಿ ಹಿಡಿದು ಗೋಡೆಯ ಮುಂದೆ ನಿಂತಳು. ಚಪ್ಪಟೆ ಕಾಲು, ಉರುಟು ತೂತು. ಭಾವ ಒಂದು ಕ್ಷಣ ಪಂಚಾಂಗದ ಅಂಚನ್ನು ನೋಡಿದರು. ಆಮೇಲೆ ಎಲೆಯಡಿಕೆಯ ತಟ್ಟೆಯಿಂದ ಅಡಕತ್ತರಿಯನ್ನು ಎತ್ತಿಕೊಂಡು, ಮುದ್ರೆಯಿದ್ದ ತಲೆಯನ್ನು ಕಚಕ್ಕನೆ ಕತ್ತರಿಸಿ, ಒಳಗೆ ಕೂಗಿದರು:

“ಬೆಂಕಿಪೊಟ್ಟಣ ಎಲ್ಲಿದೆ?”