ಇಂಗ್ಲಿಷ್ ಕ್ಲಾಸಲ್ಲಿ ಬಾಯಿ ಬಿಡೋಕೆ ಒಂದು ಕಾರಣ ಬೇಕು

ಪೆನ್ನು ಎತ್ತಿ ಹಿಡಿದು "ವಾಟ್ ಈಸ್ ದಿಸ್" ಅಂತ ಕೇಳೋದು, 40 ಮಕ್ಕಳು ಒಂದೇ ರಾಗದಲ್ಲಿ "ಇಟ್ ಈಸ್ ಎ ಪೆನ್" ಅನ್ನೋದು. ಅದು ಪೆನ್ನು ಅಂತ ಕೇಳಿದವರಿಗೂ ಗೊತ್ತು ಹೇಳಿದವರಿಗೂ ಗೊತ್ತು, ಹಾಗಿದ್ಮೇಲೆ ಆ ಉತ್ತರ ಯಾರಿಗೆ ಬೇಕಿತ್ತು? ನಾನೂ ಮೊದಲ ನಾಲ್ಕೈದು ವರ್ಷ ಹೀಗೇ ಕಲಿಸಿದ್ದು. ಮಕ್ಕಳು ಗ್ರಾಮರ್ ಟೆಸ್ಟಲ್ಲಿ ಒಳ್ಳೆ ಮಾರ್ಕ್ಸ್ ತೆಗೀತಿದ್ರು, ಆದ್ರೆ ಕ್ಲಾಸಿಂದ ಆಚೆ ನಿಲ್ಲಿಸಿ ಎರಡು ಮಾತು ಕೇಳಿದ್ರೆ ಗಂಟಲು ಕಟ್ಟಿಬಿಡೋದು. ಅವರಿಗೆ ಇಂಗ್ಲಿಷ್ ಗೊತ್ತಿರ್ಲಿಲ್ಲ ಅಂತಲ್ಲ, ಅದನ್ನ ಬಳಸಲೇಬೇಕಾದ ಸಂದರ್ಭ ನಾನು ಒಂದು ದಿನವೂ ತಂದಿಟ್ಟಿರ್ಲಿಲ್ಲ.

ಒಂದಿನ ಒಂದೇ ರೂಮಿನ ಎರಡು ಚಿತ್ರ ಬರ್ಕೊಂಡು ಹೋದೆ, ಎರಡಕ್ಕೂ 8 ವ್ಯತ್ಯಾಸ. ಒಂದರಲ್ಲಿ ಬೆಕ್ಕು ಟೇಬಲ್ ಕೆಳಗೆ, ಇನ್ನೊಂದರಲ್ಲಿ ಕುರ್ಚಿ ಹಿಂದೆ, ಹೀಗೆ. ಇಬ್ಬಿಬ್ಬರನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಒಬ್ಬರ ಚಿತ್ರ ಇನ್ನೊಬ್ಬರು ನೋಡೋ ಹಾಗಿಲ್ಲ, ಬರೀ ಮಾತಾಡಿ 8ನ್ನೂ ಹುಡುಕಬೇಕು ಅಂದೆ. ತಿಂಗಳುಗಟ್ಟಲೆ ತುಟಿ ಬಿಚ್ಚದೆ ಕೂತಿದ್ದ ಹುಡುಗಿ "ನೋ ನೋ, ನಾಟ್ ಅಂಡರ್, ಬಿಹೈಂಡ್ ದ ಚೇರ್" ಅಂತ ಜೊತೆಗಾರ್ತಿಗೆ ಜೋರಾಗಿ ಹೇಳಿದ್ದು ಕೇಳಿ ನನಗೆ ಮೈ ಜುಮ್ ಅಂತು. ಪ್ರಿಪೊಸಿಷನ್ ಪಾಠ ಅಷ್ಟರಲ್ಲಿ ಮೂರು ಸಲ ಮಾಡಿ ಮುಗಿಸಿದ್ದೆ, ಆದ್ರೆ ಆ ಮಗುವಿಗೆ "ಬಿಹೈಂಡ್" ಅನ್ನೋ ಪದ ನಿಜವಾಗಿ ಬೇಕಾಗಿದ್ದು ಅವತ್ತೇ.

ಇದನ್ನ ಇನ್ಫರ್ಮೇಷನ್ ಗ್ಯಾಪ್ ಅಂತಾರೆ, ನಿಮ್ಮ ಹತ್ರ ಇರೋದು ನನ್ನ ಹತ್ರ ಇಲ್ಲ ಹಾಗಾಗಿ ಕೇಳ್ಲೇಬೇಕು. ಇಂಗ್ಲಿಷ್ ಕಲಿಸೋ ವಿಧಾನಗಳ ಬಗ್ಗೆ ಕೆಲಸ ಮಾಡಿದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಒಂದು ಪ್ರಯೋಗ ನಡೆಸಿದ್ರು, ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳು ಬ್ಯಾಂಗಲೋರ್ ಪ್ರಾಜೆಕ್ಟ್ ಅಂತ ಕರೆಯೋದು, ಅದರಲ್ಲಿ ಗ್ರಾಮರ್ ಪಟ್ಟಿ ಹಿಡ್ಕೊಂಡು ಪಾಠ ಮಾಡೋದನ್ನೇ ಬಿಟ್ಟು ಮಕ್ಕಳ ಮುಂದೆ ಮ್ಯಾಪು, ಟ್ರೈನ್ ಟೈಮ್‌ಟೇಬಲ್ಲು ಇಟ್ಟು ಬಿಡಿಸೋಕೆ ಒಂದು ಸಮಸ್ಯೆ ಕೊಡ್ತಿದ್ರು. ಅವರು ಗ್ಯಾಪುಗಳನ್ನ ಮೂರು ಥರ ಮಾಡ್ತಾರೆ, ಮಾಹಿತಿಯದ್ದು, ತರ್ಕದ್ದು, ಅಭಿಪ್ರಾಯದ್ದು. ಅವರಿಗೆ ಹೆಚ್ಚು ಹಿಡಿಸಿದ್ದು ತರ್ಕದ್ದು. ಹತ್ತು ಗಂಟೆಗೆ ಮೀಟಿಂಗ್ ಇದೆ, ಸ್ಟೇಷನ್ನಿಂದ ಅರ್ಧ ಗಂಟೆ ನಡೀಬೇಕು, ಯಾವ ಟ್ರೈನ್ ಹಿಡಿಯೋದು ಅಂತ ಲೆಕ್ಕ ಹಾಕೋವಾಗ ತಲೆ ಪೂರ್ತಿ ಉತ್ತರದ ಮೇಲಿರುತ್ತೆ, ಟೆನ್ಸ್ ತಪ್ಪಾಯ್ತಾ ಅನ್ನೋ ಭಯಕ್ಕೆ ಜಾಗ ಇರಲ್ಲ.

ನಾನು ತುಂಬಾ ನಂಬಿರೋ ಇನ್ನೊಂದು ಆಕ್ಟಿವಿಟಿ 4-3-2. ಒಂದು ವಿಷಯದ ಬಗ್ಗೆ ಜೊತೆಗಾರನಿಗೆ 4 ನಿಮಿಷ ಹೇಳ್ಬೇಕು, ಆಮೇಲೆ ಜೋಡಿ ಬದಲಾಯಿಸಿ ಅದನ್ನೇ ಇನ್ನೊಬ್ಬರಿಗೆ 3 ನಿಮಿಷದಲ್ಲಿ, ಮತ್ತೆ ಬದಲಾಯಿಸಿ 2 ನಿಮಿಷದಲ್ಲಿ. ಮೊದಲ ಸುತ್ತಲ್ಲಿ ಬರೀ "ಆ... ಅದು... ವಾಟ್ ಈಸ್ ದಟ್" ಅಂತ ತಡವರಿಸೋ ಹುಡುಗ ಮೂರನೇ ಸುತ್ತಲ್ಲಿ ಸರಾಗವಾಗಿ ಹೇಳ್ತಾನೆ, ಯಾಕಂದ್ರೆ ಏನು ಹೇಳ್ಬೇಕು ಅನ್ನೋದು ಅಷ್ಟೊತ್ತಿಗೆ ಗಟ್ಟಿಯಾಗಿರುತ್ತೆ, ಗಮನ ಎಲ್ಲಾ ಹೇಗೆ ಹೇಳೋದು ಅನ್ನೋದ್ರ ಮೇಲೆ ಹೋಗುತ್ತೆ. ಪ್ರತಿ ಸಲ ಕೇಳುಗ ಹೊಸಬನಾಗಿರ್ಲೇಬೇಕು. ಕೇಳಿದವನಿಗೇ ಮತ್ತೆ ಹೇಳಿಸಿದ್ರೆ ಅದು ಬಾಯಿಪಾಠ.

ರನ್ನಿಂಗ್ ಡಿಕ್ಟೇಷನ್ ಕೂಡ ಚೆನ್ನಾಗಿದೆ, ಗೋಡೆಗೆ ಅಂಟಿಸಿರೋ ಪ್ಯಾರಾ ಓಡಿಹೋಗಿ ಓದಿ ನೆನಪಿಟ್ಕೊಂಡು ಬಂದು ಹೇಳೋದು, ಇನ್ನೊಬ್ಬರು ಬರೆಯೋದು. ದೂರದಿಂದ ಕೂಗಿ ಹೇಳೋಕೆ ಮಾತ್ರ ಬಿಡ್ಬೇಡಿ.

ಆದ್ರೆ ಆಟ ಅಂದ್ಕೂಡ್ಲೇ ಎಲ್ಲಾ ಒಳ್ಳೇದು ಅಂತ ನಾನು ಒಪ್ಪಲ್ಲ. ಬೋರ್ಡ್ ಮೇಲೆ ಹ್ಯಾಂಗ್‌ಮ್ಯಾನ್, ಅಂದ್ರೆ ಒಂದೊಂದೇ ಅಕ್ಷರ ಊಹಿಸಿ ಪದ ಕಂಡುಹಿಡಿಯೋ ಆಟ, ಆಡಿಸಿದ್ರೆ ಕ್ಲಾಸಲ್ಲಿ ಗದ್ದಲವೋ ಗದ್ದಲ, ಆದ್ರೆ ಒಂದೊಂದು ಮಗು ಹೇಳಿದ್ದು ಎರಡು ಅಕ್ಷರ. ತಂಡ ಮಾಡಿ ಪಾಯಿಂಟ್ಸ್ ಕೊಟ್ರೆ ಮೊದಲೇ ಇಂಗ್ಲಿಷ್ ಬರೋ ಇಬ್ಬರು ಮೂವರು ಗೆಲ್ತಾರೆ, ಉಳಿದವರು ಚಪ್ಪಾಳೆ ಹೊಡೀತಾರೆ. ನಾನು ಯಾವ ಆಕ್ಟಿವಿಟಿಗೂ ಕೇಳೋದು ಒಂದೇ, ಹಿಂದಿನ ಬೆಂಚಿನವನು ಎಷ್ಟು ವಾಕ್ಯ ಆಡಿದ? ಲೆಕ್ಕ ನೋಡಿ. 40 ನಿಮಿಷದ ಪೀರಿಯಡ್ಡು, 40 ಮಕ್ಕಳು, ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದ್ರೆ ತಲೆಗೆ ಒಂದು ನಿಮಿಷ, ಅದೂ ನಾವು ಪೂರ್ತಿ ಬಾಯಿ ಮುಚ್ಕೊಂಡಿದ್ರೆ. ಜೋಡಿಯಲ್ಲಿ ಬರೀ 10 ನಿಮಿಷ ಬಿಟ್ರೂ ಒಬ್ಬೊಬ್ಬರಿಗೆ 5 ನಿಮಿಷ ಸಿಗುತ್ತೆ. ಪಕ್ಕದ ಕ್ಲಾಸಿನವರು ಗಲಾಟೆ ಅಂತ ಬಂದು ಹೇಳ್ತಾರೆ, ಹೇಳ್ಲಿ. 20 ಜೋಡಿ ಒಟ್ಟಿಗೆ ಮಾತಾಡಿದ್ರೆ ಸದ್ದು ಆಗ್ಲೇಬೇಕು.

ಇಂಗ್ಲಿಷ್ ಕ್ಲಾಸಲ್ಲಿ ಮಗುವಿನ ಬಾಯಿಂದ ಕನ್ನಡ ಬಂದ್ರೆ ದಂಡ ಹಾಕೋದು ಇನ್ನೂ ಕೆಲವು ಕಡೆ ನಡೀತಿದೆ, ನನಗೆ ಕೇಳಿದ್ರೇ ಸಂಕಟ ಆಗುತ್ತೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷಲ್ಲಿ ನಡುವೆ. ಎ, ಆನ್, ದಿ ಅನ್ನೋವು ನಮ್ಮಲ್ಲಿ ಇಲ್ವೇ ಇಲ್ಲ. "ನೀನು ಬರ್ತೀಯಾ" ಅನ್ನೋಕೆ ನಮಗೆ ಕೊನೆಯಲ್ಲಿ ಒಂದು ದೀರ್ಘ ಸಾಕು, ಅಲ್ಲಿ ಡು, ಡಸ್, ವಿಲ್ ಹುಡುಕಿ ತಂದು ಮುಂದಿಡಬೇಕು. ಇಷ್ಟೆಲ್ಲಾ ಮಗುವಿನ ತಲೆಯಲ್ಲಿ ಒಂದು ಕ್ಷಣದಲ್ಲಿ ಆಗ್ಬೇಕು. ಅದಕ್ಕೇ ಟಾಸ್ಕ್ ಶುರು ಮಾಡೋ ಮೊದಲು 2 ನಿಮಿಷ ಕನ್ನಡದಲ್ಲೇ ಗುಸುಗುಸು ಮಾತಾಡ್ಕೊಂಡು ಯೋಚಿಸೋಕೆ ಬಿಡ್ತೀನಿ. ಪ್ರಶ್ನೆ ಕೇಳಿದ್ಮೇಲೂ ಸುಮ್ನೆ ಕಾಯ್ತೀನಿ. ಮೇರಿ ಬಡ್ ರೋ ಅನ್ನೋ ಸಂಶೋಧಕಿ ಸೈನ್ಸ್ ಕ್ಲಾಸುಗಳನ್ನ ರೆಕಾರ್ಡ್ ಮಾಡಿ ನೋಡಿದಾಗ ಮೇಷ್ಟ್ರುಗಳು ಪ್ರಶ್ನೆ ಕೇಳಿ ಹೆಚ್ಚುಕಮ್ಮಿ 1 ಸೆಕೆಂಡ್ ಅಷ್ಟೇ ಕಾಯ್ತಿದ್ರಂತೆ, ಅದನ್ನ 3 ಸೆಕೆಂಡ್ ಮಾಡಿದ್ದಕ್ಕೇ ಮಕ್ಕಳ ಉತ್ತರಗಳು ಉದ್ದ ಆದ್ವು. ಪರಭಾಷೆಯಲ್ಲಿ ಉತ್ತರ ಕೊಡೋ ಮಗುವಿಗೆ ಇನ್ನೂ ಹೆಚ್ಚು ಬೇಕಲ್ವಾ.

ತಪ್ಪು ತಿದ್ದೋದು ಬೇಡ ಅಂತ ನಾನು ಹೇಳ್ತಿಲ್ಲ, ಮಾತಿನ ಮಧ್ಯೆ ತಿದ್ದಬೇಡಿ ಅಷ್ಟೇ. ನಾನು ಒಂದು ಚೀಟಿ ಹಿಡ್ಕೊಂಡು ಬೆಂಚುಗಳ ನಡುವೆ ಓಡಾಡ್ತೀನಿ, ಕಿವಿಗೆ ಬಿದ್ದ ತಪ್ಪು ಬರ್ಕೊಳ್ತೀನಿ, ಕೊನೆಯ 5 ನಿಮಿಷ ಅದರಲ್ಲಿ ಆರು ವಾಕ್ಯ ಹೆಸರಿಲ್ಲದೆ ಬೋರ್ಡ್ ಮೇಲೆ. ಅದರಲ್ಲಿ ಎರಡು ಸರಿಯಾಗೇ ಇರೋ ವಾಕ್ಯ ಸೇರಿಸಿರ್ತೀನಿ. ಯಾವುದು ತಪ್ಪು, ಯಾವುದು ಸರಿ ಅಂತ ಮಕ್ಕಳೇ ಜಗಳ ಆಡಿ ಹುಡುಕ್ತಾರೆ, ಬೆಲ್ ಹೊಡೆದ್ಮೇಲೂ ಬೋರ್ಡ್ ಮುಂದೆ ನಾಲ್ಕು ಜನ ನಿಂತಿರ್ತಾರೆ.